ಬಸ್ಸು ತಿರುಗುವ ಜಾಗ

ನಾಗಣಸೂರ ದಾಟಿ ಇನ್ನಷ್ಟು ಒಳಗೆ ಹೋದರೆ ನಮ್ಮೂರು. ನಾನು ಅಕ್ಕಲಕೋಟದ ಹಾಸ್ಟೆಲಿನಲ್ಲಿದ್ದು ಹನ್ನೆರಡನೆಯ ಇಯತ್ತೆ ಓದುತ್ತಿದ್ದಾಗ ಸೊಲ್ಲಾಪುರದ ರಸ್ತೆ ಅಗಲವಾಯಿತು. ಅಕ್ಕಲಕೋಟದ ಸ್ವಾಮಿಗಳ ಗುಡಿಗೆ ಬರುವ ಪುಣೆ, ಮುಂಬೈ ಕಡೆಯ ಭಕ್ತರ ಕಾರುಗಳು ಸಾಲುಗಟ್ಟಿದವು. ನೋಡನೋಡುತ್ತಲೇ ಹೊಸ ಲಾಡ್ಜು, ಹೊಸ ಖಾನಾವಳಿಗಳು ಎದ್ದವು. ಪೇಟೆ ಬೆಳೆಯಿತು. ನಮ್ಮೂರಿಗೆ ಮಾತ್ರ ಅದರ ಗಾಳಿಯೂ ತಾಗಲಿಲ್ಲ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಕೆಲಸ ಸಿಗದ ದಿನ ನಮ್ಮ ಮನೆಯ ಒಲೆ ಒಂದೇ ಹೊತ್ತು ಉರಿಯುತ್ತಿತ್ತು.

ಅವ್ವ ಕಳಿಸಿದ ರೊಟ್ಟಿಯನ್ನು ಒಮ್ಮೆ ಹಾಸ್ಟೆಲಿನ ಪಕ್ಕದ ಖಾನಾವಳಿಯ ಒಡತಿಗೆ ಕೊಟ್ಟೆ. ಆಕೆ ಒಂದು ತುತ್ತು ತಿಂದವಳೇ, "ಯಾರ ಬಡದಾರವಾ ಇದನ್ನ? ದಿನಾ ಮುಂಜಾನಿ ಹತ್ತರೊಳಗ ತಂದು ಕೊಟ್ರ ಎಷ್ಟಿದ್ರೂ ತಗೋತೀನಿ" ಅಂದಳು.

ಅವ್ವ ಓಣಿಯ ಆರು ಮಂದಿ ಹೆಂಗಸರನ್ನು ಕೂಡಿಸಿದಳು. ಹಿಟ್ಟಿತ್ತು, ಕೈಯಲ್ಲಿ ಕಸುವಿತ್ತು. ಆದರೆ ಊರಿನ ಮೊದಲ ಬಸ್ಸು ಹೊರಡುತ್ತಿದ್ದುದೇ ಹನ್ನೊಂದಕ್ಕೆ. ಟಮಟಮ್ ಆಟೋ ಮಾಡಿಕೊಂಡು ಹೋದರೆ ಬಂದದ್ದೆಲ್ಲ ಬಾಡಿಗೆಗೇ ಸರಿ.

"ನಡೀರಿ, ಡೆಪೋಕ ಹೋಗಿ ಕೇಳೂಣು" ಅಂದಳು ಅವ್ವ.

ಅರ್ಜಿಯನ್ನು ನಾನು ಮರಾಠಿಯಲ್ಲಿ ಬರೆದೆ. ಅವ್ವ ದಾರಿಯುದ್ದಕ್ಕೂ "ಸಾಹೇಬ, ಆಮ್ಹಾಲಾ ಸಕಾಳಿ ಗಾಡಿ ಪಾಹಿಜೆ", ನಮಗೆ ಮುಂಜಾನೆ ಬಸ್ಸು ಬೇಕು, ಎಂದು ಗುಣುಗುಣು ಬಾಯಿಪಾಠ ಮಾಡಿದಳು. ಡೆಪೋದಲ್ಲಿ ಸಾಹೇಬರನ್ನು ಕಂಡದ್ದೇ ತಡ, ಪಾಠ ಮರೆತೇಹೋಯಿತು. ಗಡಬಡಿಸಿ ಬುಟ್ಟಿ ಬಿಚ್ಚಿ, "ಆಧಿ ಖಾವಾ, ಸಾಹೇಬ, ಆಮ್ಯಾಗ ಬೋಲೂಣು" ಅಂದುಬಿಟ್ಟಳು. ಮೊದಲು ತಿನ್ನಿರಿ, ಆಮೇಲೆ ಮಾತಾಡೋಣ ಅಂತ, ಅರ್ಧ ಮರಾಠಿ ಅರ್ಧ ಕನ್ನಡ.

ಸಾಹೇಬರು ನಗುತ್ತ ಒಂದು ರೊಟ್ಟಿ ಮುರಿದುಕೊಂಡರು. "ಕನ್ನಡದಾಗ ಮಾತಾಡ್ರಿ ಬಾಯಾರ. ನಮ್ಮವ್ವನ ತವರು ಇಂಡಿ ಕಡೀದು."

ಆಮೇಲೆ ಹೆಂಗಸರ ಬಾಯಿ ಕಟ್ಟುವವರಿಲ್ಲ. ಎಲ್ಲವನ್ನೂ ಕೇಳಿ ಅವರೆಂದರು: "ಮುಂಜಾನಿ ಗಾಡಿ ಬಾಜೂ ಊರಿಗೆ ಬರತೈತ್ರಿ. ನಿಮ್ಮೂರಿಗೂ ಕಳಸಬಹುದು. ಆದ್ರ ಅಲ್ಲಿ ಗಾಡಿ ತಿರುಗಿಸಾಕ ಜಾಗಾ ಎಲ್ಲೈತಿ?"

ಖರೆ ಮಾತು. ಊರ ಬಾಗಿಲಲ್ಲಿ ಜಾಲಿಕಂಟಿ ಬೆಳೆದು, ಅದರ ಬುಡಕ್ಕೆ ಯಾವ ಕಾಲದ್ದೋ ಕಲ್ಲು, ತಿಪ್ಪೆ ಬಿದ್ದಿತ್ತು. ಹನ್ನೊಂದರ ಬಸ್ಸೂ ದೂರದ ಕೂಡುರಸ್ತೆಯಲ್ಲೇ ನಿಲ್ಲುತ್ತಿತ್ತು.

ಮರುದಿನವೇ ಏಳೂ ಹೆಂಗಸರು ಕೊಡಲಿ, ಗುದ್ದಲಿ ಹಿಡಿದು ಹೋದರು. ಕಟ್ಟೆಯ ಮೇಲೆ ಕೂತ ಗಂಡಸರು, "ಏನ್ ವಿಮಾನ ಇಳಿಸವ್ರೇನು?" ಎಂದು ನಕ್ಕರು. "ಇಳಿಸಿದ್ರ ನಿಮ್ಮನ್ನ ಹತ್ತಸೂದಿಲ್ಲ ತಗೋರಿ" ಎಂದು ಅವ್ವ ತಿರುಗಿ ಅಂದಳು. ಎರಡನೆಯ ದಿನ ಒಬ್ಬ ಎತ್ತಿನಬಂಡಿ ತಂದ. ಮೂರನೆಯ ದಿನ ಕಟ್ಟೆ ಪೂರಾ ಖಾಲಿ. ಎಲ್ಲರೂ ಜಾಲಿಯ ಬೇರಿಗೇ ಜೋತುಬಿದ್ದಿದ್ದರು. ರಜೆಗೆ ಬಂದಿದ್ದ ನನ್ನ ಅಂಗೈಯಲ್ಲೂ ಗುಳ್ಳೆ ಎದ್ದವು. ಸಾಹೇಬರು ಮೋಟರ್‌ಸೈಕಲ್ಲಿನಲ್ಲಿ ಬಂದು, ಹೆಜ್ಜೆ ಹಾಕಿ ಜಾಗ ಅಳೆದು, "ಸಾಕಾಗತೈತಿ" ಅಂದರು.

ಸೋಮವಾರ ಮುಂಜಾನೆ ಬಸ್ಸು ಬಂತು. ಡ್ರೈವರು ಒಂದೇ ಏಟಿಗೆ ಸುತ್ತು ಹಾಕಿ ಗಾಡಿ ತಿರುಗಿಸಿದ. ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ಯಾರೋ ಅವನ ಹಣೆಗೆ ಅರಿಶಿನದ ಭಂಡಾರ ಹಚ್ಚಿದರು. ಕಂಡಕ್ಟರು ರೊಟ್ಟಿಬುಟ್ಟಿಗಳಿಗೆಂದು ಹಿಂದಿನ ಸೀಟು ಬಿಡಿಸಿಕೊಟ್ಟ. ಸಾಲೆ ಬಿಟ್ಟು ಮನೆಯಲ್ಲಿದ್ದ ಇಬ್ಬರು ಹುಡುಗಿಯರು ಆ ವಾರವೇ ಮತ್ತೆ ಪಾಟೀಚೀಲ ಹೆಗಲಿಗೇರಿಸಿ ಅದೇ ಬಸ್ಸು ಹತ್ತಿದರು. ಅಗಲವಾದ ರಸ್ತೆ ಕೊನೆಗೂ ನಮ್ಮ ಓಣಿಯ ತನಕ ಬಂದು ಮುಟ್ಟಿತು ಅನ್ನಿಸಿತು ನನಗೆ.

ನಮ್ಮ ರೊಟ್ಟಿ ಕೊಳ್ಳುವ ಖಾನಾವಳಿ ಒಂದಿದ್ದದ್ದು ಮೂರಾಯಿತು. ನಾನು ನರ್ಸಿಂಗ್ ಮುಗಿಸಿ ಸೊಲ್ಲಾಪುರದಲ್ಲಿ ಕೆಲಸಕ್ಕೆ ಸೇರಿ, ವಿಜಾಪುರ ರಸ್ತೆಯಲ್ಲಿ ಕೋಣೆ ಹಿಡಿದೆ. ಹೋದ ವರ್ಷ ಒಂದು ದಿನ ಬಾಗಿಲು ತೆರೆದರೆ ಏಳೂ ಹೆಂಗಸರು ಹೊಸ ಸೀರೆ ಉಟ್ಟು ನಿಂತಿದ್ದಾರೆ! ನಾನು ಗಾಬರಿಯಾಗಿ ಕೇಳಿದೆ:

"ಏನಾತವಾ? ಕೆಲಸ ನಿಂತಿತೇನು?"

"ನಾವ ನಿಲ್ಲಿಸೇವಿ. ಇವತ್ತ ಸೂಟಿ!" ಅಂದಳು ಅವ್ವ.

ನಮ್ಮ ಮನೆಯಲ್ಲಿ ಕೆಲಸವಿಲ್ಲದ ದಿನವೆಂದರೆ ಅದುವರೆಗೆ ಹೆದರಿಕೆಯ ದಿನ. ತಾನಾಗಿಯೇ ರಜೆ ಹಾಕಿ ಬಂದ ಅವ್ವನನ್ನು ನಾನು ಕಂಡದ್ದು ಅದೇ ಮೊದಲು. ಎಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ತರಿಸಿದೆ. ಬೇರೆಯವರು ಬೇಯಿಸಿ ತಂದಿಟ್ಟ ದೋಸೆಯನ್ನು ಅವ್ವ ಆರಾಮವಾಗಿ, ಚಟ್ನಿಯಲ್ಲಿ ಅದ್ದಿ ಅದ್ದಿ ಮುಗಿಸಿದಳು. ಆಮೇಲೆ ವೇಟರನತ್ತ ಕೈ ಎತ್ತಿ ಕೂಗಿದಳು: "ಇನ್ನೊಂದ ತಗೊಂಬಾ ಯಪ್ಪಾ, ಬಿಸೀದು!"