ಕಡಲಿಗೆ ಹೋಗದ ನೂಲು

ಮೊದಲಿಗೆ ಹತ್ತಿಯ ಗಿಡಕ್ಕೆ ನಮಸ್ಕಾರ. ಅದರ ಬಿಳುಪನ್ನು ಬಿಡಿಸಿ ಹಂಜಿ ಮಾಡಿಕೊಟ್ಟ ಕೈಗಳಿಗೆ ನಮಸ್ಕಾರ. ಎಂಟು ವರ್ಷದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಳೆ ತುಂಡಾದಾಗಲೆಲ್ಲ ಬೈಯದೆ ಕಾದ ನನ್ನ ತಂದೆಯವರಿಗೆ ನಮಸ್ಕಾರ. ಕೊನೆಯದಾಗಿ, ನಾನು ಹೇಳಹೊರಟಿರುವ ಸಂಗತಿಗೆ ಸಾಕ್ಷಿಯಾದ, ಹೆಸರು ಹಿಡಿದು ಕರೆಯಲು ಇಂದಿಗೂ ನಾಲಗೆ ಹಿಂಜರಿಯುವ ಆ ಕಣಿವೆಯ ನದಿಗೆ ಸಾಷ್ಟಾಂಗ ನಮಸ್ಕಾರ. ಇವರೆಲ್ಲರ ಉಪಕಾರವನ್ನು ನೆನೆಯದೆ ತಕಲಿ ಹಿಡಿದರೆ ನೂಲು ಹೊರಡುವುದಿಲ್ಲ, ಲೇಖನಿ ಹಿಡಿದರೆ ಮಾತು ಹೊರಡುವುದಿಲ್ಲ.

ಈ ತಕಲಿಯನ್ನೊಮ್ಮೆ ನೋಡಿ, ಗೆಳೆಯರೆ. ಗೇಣುದ್ದದ ಸಣ್ಣ ಕಬ್ಬಿಣದ ಕಡ್ಡಿ, ಅದರ ಬುಡದಲ್ಲೊಂದು ಹಿತ್ತಾಳೆಯ ಬಿಲ್ಲೆ, ತುದಿಯಲ್ಲಿ ಎಳೆ ಸಿಕ್ಕಿಸಲು ಒಂದು ಕೊಕ್ಕೆ. ಇಷ್ಟೇ ಅದರ ವೈಭವ. ನಂಜನಗೂಡಿನಿಂದ ನನ್ನೊಡನೆ ವಿಮಾನವೇರಿ ಬಂದ ಇದನ್ನು ನಿಲ್ದಾಣದ ಅಧಿಕಾರಿಯೊಬ್ಬರು ಬೆರಳ ತುದಿಯಲ್ಲಿ ತಿರುಗಿಸಿ, ಮೊಮ್ಮಗಳಿಗೆ ತಂದ ಬುಗುರಿಯೇ ಎಂದು ಕೇಳಿದ್ದರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮೂವತ್ತೆರಡು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನಾನು, ಎಂಬತ್ತರ ದಶಕದ ಆರಂಭದಲ್ಲಿ ಸ್ಯಾನ್ ಮಟಿಯೋದ ಮಗಳ ಅಪಾರ್ಟ್‌ಮೆಂಟಿಗೆ ಬಂದಿಳಿದಾಗ, ಫ್ರೀವೇಯ ಕಡೆಗೆ ತೆರೆದ ಕಿಟಕಿಯ ಪಕ್ಕದಲ್ಲಿ ಕುಳಿತು ಮಾಡಬಲ್ಲ ಕೆಲಸವೆಂದರೆ ಇದೊಂದೇ ಆಗಿತ್ತು. ಹೊರಗೆ ಸಾವಿರ ಚಕ್ರಗಳು ಉರುಳುತ್ತಿದ್ದರೆ ಒಳಗೆ ನನ್ನದೊಂದು ಚಕ್ರ ತಿರುಗುತ್ತಿತ್ತು.

ಎಳೆ ತೆಗೆದು, ನಾಲ್ಕು ಬೆರಳಿಗೆ ತೊಂಬತ್ತಾರು ಸುತ್ತು ಸುತ್ತಿ ಅಳೆದು, ಮೂರು ಎಳೆ ಕೂಡಿಸಿ ಹುರಿ ಹಾಕಿ, ಅದನ್ನು ಮತ್ತೆ ಮೂರಾಗಿಸಿ ಬ್ರಹ್ಮಗಂಟು ಹಾಕಿದರೆ ಒಂದು ಜನಿವಾರ. ಹೀಗೆ ನಾನು ಮಾಡಿದ ಜನಿವಾರಗಳು ಫಾಸ್ಟರ್ ಸಿಟಿಯ ಇಂಜಿನಿಯರರಿಗೂ ಡ್ಯಾನ್‌ವಿಲ್‌ನ ಡಾಕ್ಟರರಿಗೂ ತಲುಪುತ್ತಿದ್ದವು. ಡ್ಯಾನ್‌ವಿಲ್‌ನ ಡಾಕ್ಟರ್ ಪ್ರಸನ್ನ ಪ್ರತಿ ಸಲ ಫೋನು ಮಾಡಿದಾಗಲೂ, "ಮೇಷ್ಟ್ರೇ, ಏನ್ ನೂಲು ಸಾರ್ ನಿಮ್ಮದು! ವರ್ಷವಾದ್ರೂ ಒಂದೆಳೆ ಹರಿಯಲ್ಲ," ಎನ್ನುತ್ತಿದ್ದರು. ಆ ಮಾತನ್ನು ನಾನು ಮನೆಯವರಿಗೆಲ್ಲ ಮತ್ತೆ ಹೇಳುತ್ತಿದ್ದೆ. ವಿನಯವನ್ನು ಬೋಧಿಸುವ ಶ್ಲೋಕಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನಿಗೆ ತನ್ನ ನೂಲಿನ ವಿಷಯದಲ್ಲಿ ಮಾತ್ರ ವಿನಯವಿರಲಿಲ್ಲ. ಇನ್ನೊಂದು ದೌರ್ಬಲ್ಯವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಪೆಟ್ಟಿಗೆಯ ಬೀಗದ ಕೈಯನ್ನು ಜನಿವಾರಕ್ಕೇ ಕಟ್ಟಿಕೊಳ್ಳುವುದು ನನ್ನ ರೂಢಿ. "ಅದೇನು ಜನಿವಾರವೋ, ಬೀಗದ ಕೈ ಗೊಂಚಲೋ?" ಎಂದು ನನ್ನ ಮನೆಯಾಕೆ ಕಮಲ ನಲವತ್ತು ವರ್ಷದಿಂದ ಕೇಳುತ್ತಲೇ ಇದ್ದಳು.

ಒಂದು ಶ್ರಾವಣದಲ್ಲಿ, ಹುಣ್ಣಿಮೆ ಶನಿವಾರಕ್ಕೇ ಒದಗಿಬಂದದ್ದರಿಂದ, ಎಲ್ಲರೂ ಒಂದೆಡೆ ಸೇರಿ ಜನಿವಾರ ಬದಲಿಸುವ ಉಪಾಕರ್ಮ ಮಾಡೋಣವೆಂದು ತೀರ್ಮಾನವಾಯಿತು. ಅಳಿಯ ಶ್ರೀಧರ ಮೆಲ್ಲಗೆ, "ಮಾವ, ಮನೇಲೇ ಮಾಡ್ಬಿಡೋಣ. ಹಳೇದನ್ನ ಒಂದು ಬಕೆಟ್ ನೀರಿಗೆ ಬಿಟ್ರಾಯ್ತು," ಎಂದ. ನಾನು ಒಪ್ಪಲಿಲ್ಲ. ಕಪಿಲೆಯ ಸೋಪಾನದ ಮೇಲೆ ನಿಂತು, ಶ್ರಾವಣದ ಕೆಂಪು ಪ್ರವಾಹಕ್ಕೆ ಹಳೆಯ ಜನಿವಾರವನ್ನು ಒಪ್ಪಿಸಿ, ಕಣ್ಣು ರೆಪ್ಪೆ ಮಿಟುಕಿಸುವುದರೊಳಗೆ ಅದು ಸೇತುವೆಯಾಚೆ ಮಾಯವಾಗುವುದನ್ನು ಅರವತ್ತು ವರ್ಷ ಕಂಡವನು ನಾನು. ಹಳೆಯದನ್ನು ಕಡಲಿಗೆ ಹೋಗೆಂದು ಹೇಳಿ ಬಿಡುವುದು ಸಂಪ್ರದಾಯ. ಬಕೆಟ್ಟಿನಿಂದ ಯಾವ ಕಡಲಿಗೆ ದಾರಿಯಿದೆ? "ಹರಿಯೋ ನೀರೇ ಆಗ್ಬೇಕಪ್ಪ," ಎಂದೆ. ಶ್ರೀಧರ ನಕಾಶೆ ಹರಡಿ, ಬೆಟ್ಟಸಾಲಿನಾಚೆ ಸರ್ಕಾರ ಕಾಪಾಡಿಕೊಂಡು ಬಂದಿರುವ ಒಂದು ನದೀಕಣಿವೆಯ ಉದ್ಯಾನವನ್ನು ಹುಡುಕಿದ.

ಅಂದು ಬೆಳಿಗ್ಗೆ ಹೋಮವನ್ನು ಮನೆಯಲ್ಲೇ ಮುಗಿಸಿ (ಬೇಸಿಗೆಯಲ್ಲಿ ಅಲ್ಲಿ ಬೆಂಕಿಗೆ ಅಪ್ಪಣೆಯಿಲ್ಲ) ನಾವು ಆ ಕಣಿವೆಗಿಳಿದೆವು. ಕೆಂಪು ತೊಗಟೆಯ ರೆಡ್‌ವುಡ್ ಮರಗಳು ಎಷ್ಟು ಎತ್ತರಕ್ಕೆ ಹೋಗಿದ್ದವೆಂದರೆ, ತುದಿ ಕಾಣಲೆಂದು ಕತ್ತೆತ್ತಿದ ನನ್ನ ಮೇಲುವಸ್ತ್ರ ಜಾರಿ ನೆಲಕ್ಕೆ ಬಿತ್ತು. ಮರಗಳ ನಡುವೆ ಕಾಲುದಾರಿಗಳು, ಕುದುರೆ ಸವಾರರಿಗೆ ಬೇರೆಯೇ ದಾರಿ, ಡೇರೆ ಹಾಕಿ ತಂಗಲು ಬಯಲು, ಉಣ್ಣಲು ಮರದ ಮೇಜುಗಳು, ಮಕ್ಕಳು ಈಜಲು ನದಿಯ ತಿರುವಿನಲ್ಲೊಂದು ಮಡು. ಜನ ಬಂದು ಸುಮ್ಮನೆ ನಡೆದು, ಉಂಡು, ನೀರಿನಲ್ಲಿ ಕಾಲಿಳಿಬಿಟ್ಟು ಕೂತು ಹೋಗಲೆಂದು ಒಂದು ಸರ್ಕಾರ ಇಡೀ ಕಣಿವೆಯನ್ನೇ ಎತ್ತಿಟ್ಟಿದೆಯಲ್ಲ ಎಂದು ಬೆರಗಾದೆ.

ಮಡುವಿನ ಕೆಳಗೆ, ಯಾರೂ ಈಜದ ಕಡೆ, ನಾವು ಇಪ್ಪತ್ತೆರಡು ಜನ ಸಾಲಾಗಿ ನಿಂತೆವು. ಹೊಸದನ್ನು ಧರಿಸಿದ್ದಾಯಿತು. ನನ್ನ ಹಳೆಯದರಿಂದ ಬೀಗದ ಕೈಯನ್ನು ಬಿಚ್ಚಿಕೊಂಡೆ; ಅದನ್ನು ಕಟ್ಟಿದ್ದ ಕುಣಿಕೆಯ ಗಂಟು ಮಾತ್ರ ಬಿಗಿದುಹೋಗಿದ್ದರಿಂದ ಹಾಗೇ ಬಿಟ್ಟೆ. ಇಪ್ಪತ್ತೆರಡು ನೂಲುಗಳು ನೀರಿಗೆ ಬಿದ್ದವು. ನೀರು ತೆಳ್ಳಗಿತ್ತು, ನಿಧಾನವಾಗಿತ್ತು. ನಮ್ಮಲ್ಲಿ ಹೊಳೆ ತುಂಬಿ ಹರಿಯುವ ಶ್ರಾವಣವೇ ಆ ಸೀಮೆಯಲ್ಲಿ ಹೊಳೆ ಬಡವಾಗುವ ಮಾಸವೆಂಬುದು, ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲೆಂಬುದು, ಎರಡು ವರ್ಷದಿಂದ ಅಲ್ಲೇ ಇದ್ದ ನನಗೆ ತಿಳಿಯದ ವಿಷಯವೇನಲ್ಲ. ತಿಳಿದದ್ದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ. ನನ್ನ ಕಣ್ಣಮುಂದೆ ಇದ್ದದ್ದು ಆ ನದಿ. ಮನಸ್ಸಿನಲ್ಲಿ ಹರಿಯುತ್ತಿದ್ದದ್ದು ಕಪಿಲೆ.

ಒಂದು ಬಂಡೆಯ ಮೇಲೆ ಮುಷ್ಟಿಯಷ್ಟು ಗಾತ್ರದ ಬೂದುಬಣ್ಣದ ಹಕ್ಕಿಯೊಂದು ಕುಕ್ಕರಿಸಿ ಏಳುತ್ತ, ಮತ್ತೆ ಕುಕ್ಕರಿಸುತ್ತ, ಇದ್ದಕ್ಕಿದ್ದಂತೆ ನೀರಿನೊಳಗೆ ಮುಳುಗಿ, ತೇವವೇ ಸೋಕದಂತೆ ಮೇಲೆ ಬಂದು ಕೂರುತ್ತಿತ್ತು. "ನೋಡಮ್ಮ, ನಮಗಿಂತ ಚೆನ್ನಾಗಿ ಸ್ನಾನ ಮಾಡ್ತಾನೆ," ಎಂದು ಒಂಬತ್ತು ವರ್ಷದ ಮೊಮ್ಮಗಳು ಅದಿತಿಗೆ ತೋರಿಸಿದೆ. "ಹಿ ಈಸ್ ಸೋ ಕ್ಯೂಟ್, ತಾತ!" ಎಂದು ಅವಳು ಆ ಬಂಡೆಯೆದುರೇ ಕೂತುಬಿಟ್ಟಳು.

ಪುಳಿಯೋಗರೆ, ಕೋಸಂಬರಿ, ಮೊಸರನ್ನ ಮುಗಿದ ಮೇಲೆ, ಅಗಲ ಅಂಚಿನ ಟೋಪಿ ತೊಟ್ಟ ಉದ್ಯಾನದ ರೇಂಜರ್ ಹೆಣ್ಣುಮಗಳೊಬ್ಬಳು ಬಂದವರನ್ನೆಲ್ಲ ಕರೆದುಕೊಂಡು ಕಣಿವೆಯ ಕಥೆ ಹೇಳಲು ಹೊರಟಳು. ನಾನೂ ಹೋದೆ. ಮೊದಲು ಆ ನದಿಯ ಮೀನು, ಓಕ್ ಮರದ ಬೀಜ, ಹೊಳೆದಂಡೆಯ ನಾರುಗಳಿಂದ ಬದುಕು ಕಟ್ಟಿಕೊಂಡಿದ್ದ ಮೂಲನಿವಾಸಿಗಳ ಮಾತು. ಆಮೇಲೆ ಕೊಡಲಿಗಳ ಮಾತು. ಒಂದು ಬುಡದ ಮುಂದೆ ಅವಳು ನಿಂತಳು. ಅದು ಮರದ ಬುಡವೆಂದು ನಂಬಲು ನನಗೆ ಹೊತ್ತು ಹಿಡಿಯಿತು. ನಮ್ಮೂರ ಮನೆಯ ನಡುಮನೆ ಅದರ ಮೇಲೆ ಹಿಡಿಸುತ್ತಿತ್ತು. ಒಂದು ತಲೆಮಾರಿನೊಳಗೆ ಕಣಿವೆಯ ಮರಗಳು ಬಹುಪಾಲು ಉರುಳಿದುವಂತೆ. ಕೆಲವು ಊರಿನ ಮನೆಗಳಾದವು. ಕೆಲವು ಸುಣ್ಣ ಸುಡುವ ಗೂಡುಗಳಿಗೆ ಸೌದೆಯಾದವು. ಸಾವಿರ ವರ್ಷ ತಪಸ್ಸಿಗೆ ನಿಂತದ್ದು ಸೌದೆ! ನನ್ನ ಕೈ ತಾನಾಗಿ ಬಾಯಿಗೆ ಹೋಯಿತು.

"ಮರ ಕೊಯ್ದ ಹೊಟ್ಟನ್ನೆಲ್ಲ ಇದೇ ನದಿಗೆ ಸುರಿಯುತ್ತಿದ್ದರು," ಎಂದಳು ಅವಳು. "ಕಡಲಿನಿಂದ ಮೊಟ್ಟೆಯಿಡಲು ಬರುವ ಮೀನುಗಳಿಗೆ ಉಸಿರು ಕಟ್ಟಿತು."

ನಾನು ಪಾಠಶಾಲೆಯ ಇಂಗ್ಲಿಷಿನಲ್ಲಿ, ಪಾಠಶಾಲೆಯದೇ ಗದರಿಕೆಯಲ್ಲಿ, "ಅವರಿಗೆ ಕಣ್ಣಿರಲಿಲ್ಲವೇ?" ಎಂದು ಕೇಳಿದೆ.

ಅವಳು ಸ್ವಲ್ಪವೂ ಬೇಸರಿಸದೆ, "ಇತ್ತು ಸಾರ್. ನದಿ ಎಲ್ಲವನ್ನೂ ಕಡಲಿಗೆ ಒಯ್ಯುತ್ತದೆ ಅಂತ ನಂಬಿದ್ದರು," ಎಂದಳು.

"ಎಂಥ ಅಜ್ಞಾನ!" ಎಂದೆ. ಜೋರಾಗಿಯೇ ಎಂದೆ. ಗೆಳೆಯರೆ, ಆ ಎರಡು ಪದಗಳನ್ನು ಹಿಂದಕ್ಕೆ ನುಂಗಲು ಸಾಧ್ಯವಿದ್ದರೆ ಇಂದಿಗೂ ನುಂಗುತ್ತಿದ್ದೆ.

ಏಕೆಂದರೆ ಆಗಲೇ ಅದಿತಿ ಓಡಿಬಂದಳು. ಅಳುವಿನಿಂದ ಅವಳ ಮಾತು ತುಂಡುತುಂಡಾಗಿತ್ತು. "ತಾತ, ದ ಬರ್ಡ್... ನಿಮ್ ಥ್ರೆಡ್ಡು, ತಾತ! ಇಟ್ ಕಾಂಟ್ ಗೆಟ್ ಔಟ್!"

ನಾವು ಹೋಗಿ ನೋಡಿದಾಗ, ಬೆಳಗಿನ ಬಂಡೆಯಿಂದ ಹತ್ತು ಮಾರು ಕೆಳಗೆ, ದಡದ ಮರದ ಬೇರೊಂದಕ್ಕೆ ಸುತ್ತಿಕೊಂಡ ಜನಿವಾರದಲ್ಲಿ ಆ ಹಕ್ಕಿಯ ಕಾಲು ಸಿಕ್ಕಿತ್ತು. ಒಂದು ರೆಕ್ಕೆ ಬಿಗಿದಿತ್ತು. ಅದು ಮುಳುಗುತ್ತಿತ್ತು, ಏಳುತ್ತಿತ್ತು. ಈ ಸಲ ಅದು ಸ್ನಾನವಾಗಿರಲಿಲ್ಲ. ಬಾಯಿಗೆ ಒಂದು ಮಂತ್ರವೂ ಬರಲಿಲ್ಲ. ಕಲಿತದ್ದೆಲ್ಲ ಆ ಕ್ಷಣದಲ್ಲಿ ನನ್ನನ್ನು ಬಿಟ್ಟು ಆಚೆ ದಡಕ್ಕೆ ಹೋಗಿ ನಿಂತುಬಿಟ್ಟಿತು.

ರೇಂಜರ್ ಬೂಟುಗಾಲಿನಲ್ಲೇ ನೀರಿಗಿಳಿದು, ಬೇರಿನ ಕಡೆ ನೂಲನ್ನು ಕತ್ತರಿಸಿ, ಹಕ್ಕಿಯನ್ನು ನನ್ನ ಮೇಲುವಸ್ತ್ರದಲ್ಲಿ ಸುತ್ತಿ ಹಿಡಿದಳು. ಆದರೆ ಕಾಲಿನ ಸುತ್ತ ಬಿಗಿದ ಎಳೆಗೂ ದರ್ಭೆಯಂಥ ಆ ಕಾಲಿಗೂ ನಡುವೆ ಕತ್ತರಿಯ ಮೊನೆ ತೂರಲು ಜಾಗವಿರಲಿಲ್ಲ. "ಕತ್ತರಿಸಿದರೆ ಕಾಲೇ ಹೋಗುತ್ತದೆ, ಬಿಟ್ಟರೆ ಹಕ್ಕಿಯೇ ಹೋಗುತ್ತದೆ," ಎಂದಳು. ಎಳೆದು ನೋಡಿದಳು, ಬರಲಿಲ್ಲ. ಆ ನೂಲಿನ ಗಟ್ಟಿತನವನ್ನು ನೋಡಿ ಅವಳು ಅಚ್ಚರಿಪಟ್ಟದ್ದು ನನ್ನ ಕಿವಿಗೆ ಶಾಪದಂತೆ ಕೇಳಿಸಿತು.

"ತಾಳಮ್ಮ, ಅದು ನಾನು ಹಾಕಿದ ಹುರಿ," ಎಂದು ಕನ್ನಡದಲ್ಲೇ ಹೇಳಿ ನೀರಿಗಿಳಿದೆ. ಕತ್ತರಿಸಿದ ತುದಿಯನ್ನು ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ, ಅರವತ್ತು ವರ್ಷ ತಿರುಗಿಸಿದ ದಿಕ್ಕಿಗೆ ವಿರುದ್ಧವಾಗಿ ತಿರುಗಿಸತೊಡಗಿದೆ. ಹುರಿ ಸಡಿಲಿತು; ಮೂರು ಎಳೆಗಳೂ ಬೇರೆಬೇರೆಯಾದವು. ಒಂದೊಂದರ ಹುರಿಯನ್ನೂ ಬಿಡಿಸಿದೆ. ಹುರಿ ಬಿಟ್ಟ ನೂಲು ನೂಲಲ್ಲ, ಬರಿಯ ಹತ್ತಿ; ಮೆಲ್ಲಗೆ ಜಗ್ಗಿದರೆ ಮಂಜಿನಂತೆ ಜಾರಿ ಬರುತ್ತದೆ. ಕೊನೆಯ ಸುತ್ತಿನ ಹತ್ತಿರ ಬೆರಳಿಗೆ ಗಂಟೊಂದು ಸಿಕ್ಕಿತು. ಕಾಲು ಸಿಕ್ಕಿಕೊಂಡಿದ್ದದ್ದು ಅದರೊಳಗೇ. ಬ್ರಹ್ಮಗಂಟಲ್ಲ. ನನ್ನ ಬೀಗದ ಕೈಯ ಗಂಟು.

ಇಪ್ಪತ್ತೆರಡರಲ್ಲಿ ಅದು ನನ್ನದು.

ಉಗುರಿನಿಂದ ಅದನ್ನು ಬಿಡಿಸಿದೆನೋ, ಹಲ್ಲಿನಿಂದ ಕಚ್ಚಿ ಬಿಡಿಸಿದೆನೋ, ಈಗ ನೆನಪಿಲ್ಲ. ಬಿಟ್ಟಿತು. ರೇಂಜರ್ ಹಕ್ಕಿಯನ್ನು ಬಂಡೆಯ ಮೇಲಿಟ್ಟಳು. ಅದು ಬಹಳ ಹೊತ್ತು ಹಾಗೇ ಇತ್ತು. ಅದಿತಿ ನನ್ನ ಒದ್ದೆ ಪಂಚೆಯನ್ನು ಹಿಡಿದುಕೊಂಡಿದ್ದಳು. ಆಮೇಲೆ ಹಕ್ಕಿ ಒಮ್ಮೆ ಕುಕ್ಕರಿಸಿತು, ಮೇಲೆದ್ದಿತು, ನೀರಿಗೆ ಬಿದ್ದು ಆಚೆ ದಡದಲ್ಲಿ ಎದ್ದಿತು. ಒಂದು ಕಾಲನ್ನು ಮಾತ್ರ ಎತ್ತಿ ಹಿಡಿದಿತ್ತು.

ದಡದ ಮೇಲಿಂದ ಕಮಲ ನೋಡುತ್ತಿದ್ದಳು. ಹಾಸ್ಯ ಮಾಡಲೆಂದೇ ಬಾಯಿ ತೆರೆದಿರಬೇಕು. ನನ್ನ ಮುಖ ಕಂಡು ಮಾತಿನ ಮೊನೆ ತಾನೇ ಮೊಂಡಾಯಿತು. "ನೂಲು ಗಟ್ಟಿ ಅಂತ ಹೇಳ್ತಾನೇ ಇದ್ರಲ್ಲ... ಬನ್ನಿ, ಮೇಲೆ ಬನ್ನಿ. ಕಾಲು ತಣ್ಣಗಾಗತ್ತೆ," ಎಂದಳು.

ರೇಂಜರ್ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಇದು ಏನು, ಏಕೆ ನೀರಿಗೆ ಬಿಡುತ್ತೀರಿ ಎಂದು ಅವಳು ಕೇಳಿದಳು, ನಾನು ಹೇಳಿದೆ. ಕೊನೆಗೆ, "ಕಡಲಿಗೆ ಹೋಗಲಿ ಎಂದು ಬಿಟ್ಟೆವು," ಎಂದಾಗ, ಸ್ವಲ್ಪ ಹೊತ್ತಿನ ಹಿಂದೆ ಅವಳು ಹೇಳಿದ ಮಾತು ನಮ್ಮಿಬ್ಬರ ನಡುವೆ ಬಂದು ನಿಂತಿತು. ಅವಳು ಅದನ್ನು ಎತ್ತಿ ಆಡಲಿಲ್ಲ. ಆ ದಾಕ್ಷಿಣ್ಯವನ್ನು ನಾನು ಮರೆಯಲಾರೆ. "ಈ ನದಿ ಕಡಲು ಸೇರುವ ಬಾಯಿಗೆ ಬೇಸಿಗೆಯಲ್ಲಿ ಮರಳು ಅಡ್ಡ ಬಂದುಬಿಡುತ್ತದೆ ಸಾರ್, ಎಷ್ಟೋ ಸಲ. ಇನ್ನೆಷ್ಟಿವೆ?" ಎಂದಷ್ಟೇ ಕೇಳಿದಳು.

ಆಮೇಲಿನ ದೃಶ್ಯವನ್ನು ನೀವು ನೋಡಬೇಕಿತ್ತು. ಇಂಜಿನಿಯರರೂ ಡಾಕ್ಟರರೂ ಪಂಚೆ ಎತ್ತಿಕಟ್ಟಿ, ಮೊಣಕಾಲ ನೀರಿನಲ್ಲಿ ಬಾಗಿ, ಕಲ್ಲಿನ ಸಂದು, ಬೇರಿನ ಬುಡ, ಪಾಚಿಯ ಮರೆಗಳಲ್ಲಿ ತಾವೇ ಒಪ್ಪಿಸಿದ್ದನ್ನು ತಾವೇ ಹುಡುಕುತ್ತಿದ್ದರು. "ಸಾರ್, ಇಲ್ಲೊಂದು!" "ಪ್ರಸನ್ನ, ಅದು ನಿಂದೇ ಕಣೋ, ಸೇಫ್ಟಿ ಪಿನ್ ಇದೆ ನೋಡು!" ಡಾಕ್ಟರ್ ಪ್ರಸನ್ನ ಪಿನ್ನನ್ನು ಕೈಯಲ್ಲಿ ಹಿಡಿದು ನಗಲಾರದೆ ನಿಂತುಬಿಟ್ಟರು. ನೆರಳು ಉದ್ದವಾಗುವ ಹೊತ್ತಿಗೆ ನನ್ನದೂ ಸೇರಿ ಇಪ್ಪತ್ತೊಂದು ಸಿಕ್ಕವು. ಮತ್ತೊಂದು ಸಿಗಲಿಲ್ಲ.

ಸಿಗದ ಆ ಒಂದು ನೂಲು ಇಂದಿಗೂ ನನ್ನ ಮನಸ್ಸಿನಲ್ಲಿ ತೇಲುತ್ತಿದೆ. ಅದು ಯಾವ ಬೇರಿಗೆ ಸುತ್ತಿತೋ, ಯಾವ ಮೀನಿನ ಕಿವಿರಿಗೆ ಸಿಕ್ಕಿತೋ. ಮರ ಕಡಿದವರನ್ನು ನಾನು ಅಷ್ಟು ಸುಲಭವಾಗಿ ತೂಗಿ ಬಿಸಾಡಿದೆನಲ್ಲ! ಅವರ ಕೈಯಲ್ಲಿ ಕೊಡಲಿಯಿತ್ತು, ಕಣ್ಣಲ್ಲಿ ಲಾಭವಿತ್ತು. ನನ್ನ ಕೈಯಲ್ಲಿ ಇದ್ದದ್ದು ಪವಿತ್ರವೆಂದು ನಾನೇ ನೂತದ್ದು. ಬಾಯಲ್ಲಿ ಇದ್ದದ್ದು ಮಂತ್ರ. ನೀರಿನೊಳಗೆ ಸಿಕ್ಕಿಕೊಂಡ ಜೀವಕ್ಕೆ ಆ ವ್ಯತ್ಯಾಸ ಎಲ್ಲಿ ತಿಳಿಯಬೇಕು? ಶಾಸ್ತ್ರ ನದಿಗೆ ಒಪ್ಪಿಸು ಎಂದಿತೇ ಹೊರತು ನದಿಯನ್ನು ನೋಡಬೇಡ ಎಂದಿರಲಿಲ್ಲ. ನಾನೇ ನೋಡಲಿಲ್ಲ. ಕಡಿದ ಆ ಮರದ ಬುಡದ ಸುತ್ತ ಅದೇ ಬೇರಿನಿಂದ ಹೊಸ ಮರಗಳು ವೃತ್ತವಾಗಿ ಎದ್ದು ನಿಂತಿದ್ದನ್ನು ಹೊರಡುವಾಗ ಕಂಡೆ. ಕ್ಷಮಿಸಿದವರು ಹಾಗೆ ಕೈಹಿಡಿದು ನಿಲ್ಲುತ್ತಾರೇನೋ. ಆದರೆ ನಡುವಿನ ಆ ದೊಡ್ಡ ಬಯಲು ತುಂಬಿರಲಿಲ್ಲ.

ಸಿಕ್ಕ ಇಪ್ಪತ್ತೊಂದನ್ನು ಮನೆಗೆ ತಂದು, ಬಾಲ್ಕನಿಯ ತುಳಸಿ ಕುಂಡದ ಮಣ್ಣಿನಲ್ಲಿ ಹೂತೆ. ಮುಂದಿನ ವರ್ಷದಿಂದ ನಮ್ಮ ಗುಂಪಿನ ಹಳೆಯ ಜನಿವಾರಗಳೆಲ್ಲ ಅವರವರ ಮನೆಯ ಮಣ್ಣಿಗೇ ಹೋಗುತ್ತಿವೆ. ಬೀಗದ ಕೈಯನ್ನು ಕಮಲ ತನ್ನ ಸೆರಗಿಗೆ ಕಟ್ಟಿಕೊಂಡಿದ್ದಾಳೆ. "ಇದಕ್ಕೆ ನಲವತ್ತು ವರ್ಷ ಬೇಕಾಯ್ತು ನೋಡಿ," ಎನ್ನುತ್ತಾಳೆ.

ಈ ತಕಲಿಯನ್ನು ನಾನು ಈಗ ಮೊದಲಿಗಿಂತ ಕಡಿಮೆ ತಿರುಗಿಸುತ್ತೇನೆ. ಹುರಿ ಸ್ವಲ್ಪ ಸಡಿಲ. ಮೊನ್ನೆ ಡ್ಯಾನ್‌ವಿಲ್‌ನಿಂದ ಫೋನು ಬಂದಿತ್ತು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಈ ಸಲದ್ದು ಏಳು ತಿಂಗಳಿಗೇ ಹರಿದುಹೋಯ್ತು," ಎಂದು ಡಾಕ್ಟರ್ ಪ್ರಸನ್ನ ಸಂಕೋಚದಿಂದ ಹೇಳಿದರು. "ಹರಿಯಲಪ್ಪ. ಇನ್ನೊಂದು ಕಳಿಸ್ತೀನಿ," ಎಂದೆ. ಇಷ್ಟು ಸಂತೋಷದ ದೂರನ್ನು ನಾನು ಈ ಹಿಂದೆ ಕೇಳಿರಲಿಲ್ಲ.

ಒಂದು ಕಾಲೆತ್ತಿ ನಿಂತ ಆ ಹಕ್ಕಿಗೆ ದೀರ್ಘಾಯುಸ್ಸಾಗಲಿ, ಎರಡೂ ಕಾಲು ಊರಿ ನಿಲ್ಲುವ ದಿನ ಬರಲಿ. ಮೊದಲು ಕಂಡು ಓಡಿಬಂದ ನನ್ನ ಮೊಮ್ಮಗಳ ಕಣ್ಣುಗಳಿಗೆ, ಬೈಯದೆ ನೀರಿಗಿಳಿದ ಆ ಹೆಣ್ಣುಮಗಳ ಬೂಟುಗಾಲಿಗೆ, ಪಂಚೆ ಎತ್ತಿಕಟ್ಟಿ ಹುಡುಕಿದ ಎಲ್ಲರಿಗೆ, ಎಂದೋ ಕೊಡಲಿ ಹಿಡಿದು ಬಂದು ಆ ಕಣಿವೆಯ ಮಣ್ಣಲ್ಲೇ ಮಣ್ಣಾದವರಿಗೂ ಒಳಿತಾಗಲಿ. ಸಿಗದೆ ಉಳಿದ ಆ ಒಂದು ನೂಲು, ಎಲ್ಲೇ ಇರಲಿ, ಯಾವ ಜೀವಕ್ಕೂ ತೊಡಕಾಗದಂತೆ, ಹುರಿ ಬಿಟ್ಟು ಹತ್ತಿಯಾಗಲಿ.