ದಿಲ್ಲಿಗೆ ಹೋದ ಅಳು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬೈಲಹೊಂಗಲದ ಟೆಲಿಫೋನ್ ಕಚೇರಿಗೆ ಆಪರೇಟರ್ ಆಗಿ ಸೇರಿದೆ. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಹಗಲೆಲ್ಲ ಹೆಡ್‌ಫೋನ್ ಹಾಕಿಕೊಂಡು ಹತ್ತಿ ವ್ಯಾಪಾರಿಗಳ ಟ್ರಂಕ್ ಕಾಲ್ ಜೋಡಿಸುತ್ತಿದ್ದೆ. ಊರವರ ಮಾತೆಲ್ಲ ನನ್ನ ಕಿವಿಯ ಮೇಲೇ ಹಾಯ್ದು ಹೋಗುತ್ತಿತ್ತು. ಸಂಜೆ ಖೋಲಿಯ ಬೀಗ ತೆಗೆದು ಒಳಗೆ ಕಾಲಿಟ್ಟರೆ ಮಾತ್ರ, ಉಂಡಿಯಾ ಎಂದು ಕೇಳುವವರು ಒಬ್ಬರೂ ಇರಲಿಲ್ಲ.

ನನ್ನವರು ಅಂತ ಇದ್ದವಳು ಅತ್ತೆ ಒಬ್ಬಳೇ, ಅಪ್ಪನ ತಂಗಿ. ಕಿತ್ತೂರಿನ ಹತ್ತಿರದ ಹಳ್ಳಿಯಲ್ಲಿ, ನಾನು ಹುಟ್ಟಿದ ಮನೆಯಲ್ಲೇ ಹಳೆ ಸೀರೆ ಜೋಡಿಸಿ ಕೌದಿ ಹೊಲಿದುಕೊಂಡು ಇದ್ದಳು. ರವಿವಾರ ರಜೆ ಸಿಕ್ಕರೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಅವಳು ಹೊಲಿಯುವಳು, ನಾನು ಸೂಜಿಗೆ ದಾರ ಪೋಣಿಸಿ ಕೊಡುವೆ. ಹೊತ್ತು ಮುಳುಗುವ ಮುಂಚೆ ಬಸ್ಸು ಹಿಡಿಯುವೆ.

ಅತ್ತೆಯನ್ನು ಕೊಟ್ಟದ್ದು ರಾಮದುರ್ಗಕ್ಕೆ, ನೇಕಾರರ ಮನೆಗೆ. ನಾನು ಸಣ್ಣವಳಿದ್ದಾಗ ನನ್ನ ಅವ್ವ ತೀರಿಕೊಂಡಳು. ನನ್ನನ್ನು ನೋಡಿಕೊಳ್ಳಲೆಂದು ಅತ್ತೆ ನಮ್ಮಲ್ಲಿಗೆ ಬಂದಳು. ಆ ಮಳೆಗಾಲದಲ್ಲೇ ಅತ್ತ ಮಾವನಿಗೆ ಜ್ವರ ಬಂತು. ಮಲಪ್ರಭೆ ತುಂಬಿ ಬಸ್ಸುಗಳು ನಿಂತಿದ್ದವು. ಸುದ್ದಿ ಮುಟ್ಟಿ ಅವಳು ರಾಮದುರ್ಗ ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಹೊಸ್ತಿಲಲ್ಲಿ ನಿಂತ ಅವಳ ಕಣ್ಣಿನಿಂದ ಒಂದು ಹನಿಯೂ ಬರಲಿಲ್ಲವಂತೆ. ನೆರೆದ ಹೆಂಗಸರ ಮುಂದೆಯೇ ಅವಳ ಭಾವನ ಹೆಂಡತಿ, “ಕಲ್ಲ ಐತಿ ಈಕಿ ಎದಿ” ಅಂದಳಂತೆ. ಅತ್ತೆ ನನ್ನ ಬಳಿಗೆ ತಿರುಗಿ ಬಂದಳು. ಮತ್ತೆ ಆ ಊರಿನ ಹೆಸರು ಎತ್ತಲಿಲ್ಲ. ಕೆಲವು ವರ್ಷಗಳಲ್ಲಿ ಅಪ್ಪನೂ ಹೋದ. ನಾವಿಬ್ಬರೇ ಉಳಿದೆವು.

ಒಂದು ಚಳಿಗಾಲ ನಮ್ಮ ಹಳ್ಳಿಗೆ ಸಿನಿಮಾದವರು ಬಂದರು. ಆಗ ಕನ್ನಡದಲ್ಲಿ ಬೇರೆ ತರಹದ ಚಿತ್ರಗಳು ಬರತೊಡಗಿದ್ದ ಕಾಲ. ಹಾಡು ಕುಣಿತವಿಲ್ಲದೆ, ನಿಜವಾದ ಊರು ಮನೆಗಳಲ್ಲೇ ಚಿತ್ರ ತೆಗೆಯುತ್ತಿದ್ದರು. ಅವುಗಳಿಗೆ ದಿಲ್ಲಿಯಲ್ಲಿ ಮೇಲಿಂದ ಮೇಲೆ ಪ್ರಶಸ್ತಿ ಬರುತ್ತಿತ್ತು. ಇವರೂ ಹಾಗೆಯೇ ಬಂದವರು. ಹಿಂದಿನ ಜಮೀನ್ದಾರರ ಪಾಳು ಬಿದ್ದ ಒಂದು ವಾಡೆ ಹಿಡಿದರು. ಅದರ ಅಂಗಳದಲ್ಲಿ ಮನೆಯ ಯಜಮಾನ ಸತ್ತ ದೃಶ್ಯ ತೆಗೆಯಬೇಕಿತ್ತು. ಹೆಣದ ಸುತ್ತ ಕೂಡಲು ಊರಿನ ಹೆಂಗಸರು ಬೇಕೆಂದು ಒಬ್ಬ ಸಹಾಯಕ ಮನೆ ಮನೆಗೆ ಬಂದ.

“ನಿಜವಾಗಿ ಅಳೋದೇನೂ ಬೇಡಮ್ಮ. ಸೆರಗು ಮುಚ್ಚಿಕೊಂಡು ಸುಮ್ನೆ ಕೂತರೆ ಸಾಕು” ಅಂದ ಅವನು, ಬೆಂಗಳೂರಿನ ಕನ್ನಡದಲ್ಲಿ.

“ಕುಂಡ್ರೂದಷ್ಟ ಅಂದ್ರ ಬರತೇನಿ” ಅಂದಳು ಅತ್ತೆ. ಓಣಿಯ ಹೆಂಗಸರೆಲ್ಲ ಹೊರಟಿದ್ದರು. ಒಬ್ಬಳೇ ಉಳಿಯಲು ಅವಳಿಗೂ ಮನಸ್ಸಿರಲಿಲ್ಲವೇನೋ.

ಅಂದು ರವಿವಾರ, ನಾನೂ ಅಲ್ಲಿದ್ದೆ. ಚಟ್ಟದ ಪಕ್ಕದಲ್ಲಿ ಅತ್ತೆಯನ್ನು ಕೂಡಿಸಿದರು. ಹೆಣವಾದ ನಟ ಮೂಗಿಗೆ ಅರಳೆ ಇಟ್ಟುಕೊಂಡು ಮಲಗಿದ್ದ. ಹೊದಿಸಿದ ಬಟ್ಟೆ ಸಾಲದೆ ಅವನ ಪಾದಗಳು ಹೊರಗಿದ್ದವು. ಡೈರೆಕ್ಟರ್ ಕೂಗಿದ ಕೂಡಲೇ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಂದಿಬ್ಬರು ನಗು ಬಂದು ತಲೆ ತಗ್ಗಿಸಿದರು. ಅತ್ತೆ ಆ ಪಾದಗಳನ್ನೇ ನೋಡುತ್ತಿದ್ದಳು. ಹಾಗೆ ನೋಡುತ್ತ ನೋಡುತ್ತ ಅವುಗಳ ಮೇಲೆ ಕೈಯಿಟ್ಟಳು. ಆಮೇಲೆ ಅವಳ ಬಾಯಿಂದ ದನಿ ಹೊರಟಿತು. ನಮ್ಮ ಕಡೆ ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಮಗ್ಗದ ಮುಂದೆ ಕೂತವನೇ, ನನಗೆ ಹೇಳದೆ ಎದ್ದು ಹೋದಿಯಾ ಎಂದು ಅತ್ತಳು. ಸಿನಿಮಾದ ಯಜಮಾನ ನೇಕಾರನಾಗಿರಲಿಲ್ಲ. ಅವಳು ಅತ್ತದ್ದು ಯಾರಿಗೆಂದು ಗೊತ್ತಾದದ್ದು ನನಗೆ ಮಾತ್ರ.

ಡೈರೆಕ್ಟರ್ ಕಟ್ ಅಂದ. ಕ್ಯಾಮೆರಾ ನಿಂತಿತು, ಅತ್ತೆ ನಿಲ್ಲಲಿಲ್ಲ. ಕಡೆಗೆ ಹೆಣವಾಗಿ ಮಲಗಿದ್ದ ನಟನೇ ಗಾಬರಿಯಾಗಿ ಎದ್ದು ಕೂತು, ಮೂಗಿನ ಅರಳೆ ಕಿತ್ತುಕೊಂಡು, “ಅಮ್ಮ, ನೀರು ಕುಡೀರಿ” ಎಂದು ತಂಬಿಗೆ ಹಿಡಿದ. ಡೈರೆಕ್ಟರ್ ಬಂದು ಕೈ ಮುಗಿದ. ಅತ್ತೆ ಯಾರನ್ನೂ ನೋಡದೆ ಮನೆಗೆ ನಡೆದಳು. ದಾರಿಯಲ್ಲಿ ನಾನು ಅವಳ ಕೈ ಹಿಡಿಯಲು ಹೋದೆ, ಬಿಡಿಸಿಕೊಂಡಳು.

ಮರುವರ್ಷ ಒಂದು ದಿನ ಮಧ್ಯಾಹ್ನ ಲೈನಿನಲ್ಲಿ ಧಾರವಾಡದ ಆಪರೇಟರ್ ಸಿಕ್ಕಳು. “ಏ, ನಿಮ್ಮ ಕಿತ್ತೂರ ಕಡೆ ತಗದ ಪಿಕ್ಚರ್‌ಗೆ ದಿಲ್ಲಿ ಪ್ರಶಸ್ತಿ ಬಂತಂತ, ರೇಡಿಯೋದಾಗ ಹೇಳಿದ್ರು” ಅಂದಳು. ಐವತ್ತರ ದಶಕದಿಂದಲೂ ಸರ್ಕಾರ ಸಿನಿಮಾಗಳಿಗೆ ಈ ಪ್ರಶಸ್ತಿ ಕೊಡುತ್ತ ಬಂದಿತ್ತು. ಮೊದಲು ರಾಷ್ಟ್ರಪತಿ ಪದಕ ಅನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅದು ಚಿನ್ನದ ಕಮಲ, ಬೆಳ್ಳಿ ಕಮಲ ಆಗಿತ್ತು. ನಮ್ಮೂರ ಚಿತ್ರಕ್ಕೆ ಬಂದದ್ದು ಬೆಳ್ಳಿಯದು. ಅಲ್ಲಿಯವರೆಗೆ ಪತ್ರಿಕೆಯಲ್ಲಿ ಆ ಸುದ್ದಿ ಕಂಡರೆ ಪುಟ ತಿರುಗಿಸಿಬಿಡುತ್ತಿದ್ದೆ. ಮರುದಿನ ಮಾತ್ರ ಎರಡು ಸಲ ಓದಿದೆ. ಅತ್ತೆಗೆ ಖುಷಿಯಾದೀತೆಂದು ರವಿವಾರ ಪೇಢೆ ಕಟ್ಟಿಸಿಕೊಂಡು ಹೋದೆ.

ಊರಿಗೆ ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಅತ್ತೆ ಹಿತ್ತಲ ಕದವನ್ನೂ ಹಾಕಿಕೊಂಡು ಒಳಗೆ ಕೂತಿದ್ದಳು.

“ದಿಲ್ಲಿ ಮಟಾ ಹೋತಂತ ನನ್ನ ಅಳು” ಅಂದಳು. “ಓಣ್ಯಾಗ ಎಲ್ಲಾರೂ ಅದನ್ನ ಆಡಾಕತ್ತಾರ. ತರುಣರು ಬಂದು ಶಾಲು ಹೊಚ್ಚತೇವಿ ಅಂತಾರ. ಯಾತಕ್ಕವ್ವಾ ಶಾಲು?”

“ಚೊಲೋ ಆತಲ್ಲ ಅತ್ತಿ. ಅಭಿಮಾನದ ಮಾತಲ್ಲೇನು?”

“ರಾಮದುರ್ಗದಾಗ ನೋಡಂಗಿಲ್ಲೇನು ಪಿಕ್ಚರು? ಗಂಡ ಸತ್ತಾಗ ಅಳಲಿಲ್ಲ, ಸಿನಿಮಾದಾಗ ಬಾಯಿ ಬಿಟ್ಟ ಅತ್ಲು ಅಂತಾರ. ಖರೇನ ಐತಲ್ಲ ಅದು.”

ಪೇಢೆಯ ಪುಡಿಕೆ ನನ್ನ ಮಡಿಲಲ್ಲೇ ಉಳಿಯಿತು. ಎರಡು ಸೀರೆ, ಅರ್ಧ ಹೊಲಿದ ಕೌದಿ ಗಂಟು ಕಟ್ಟಿಕೊಂಡು ಅವಳು ನನ್ನ ಜೊತೆ ಬೈಲಹೊಂಗಲಕ್ಕೆ ಹೊರಟಳು.

ಖೋಲಿಗೆ ಇನ್ನೊಂದು ಜೀವ ಬಂತು. ಆದರೂ ನನ್ನ ಒಂಟಿತನ ಕಡಿಮೆಯಾಗಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಹೊಲಿಯುತ್ತಿದ್ದಳು. ನಾನು ಕಚೇರಿಯ ಸುದ್ದಿ ಹೇಳಿದರೆ “ಹೌದನ” ಅನ್ನುವಳು, ಅಷ್ಟೇ. ಮನಸ್ಸು ಬದಲಾಗಲಿ ಎಂದು ಒಂದು ಸಂಜೆ ಪೌರಾಣಿಕ ಚಿತ್ರಕ್ಕೆ ಕರೆದೊಯ್ದೆ. ಮೊದಲು ಎಂದಿನಂತೆ ಸರ್ಕಾರಿ ವಾರ್ತಾಚಿತ್ರ ಬಂತು. ಅಣೆಕಟ್ಟು, ಗೋದಿಯ ರಾಶಿ. ಆಮೇಲೆ ದಿಲ್ಲಿಯ ದೊಡ್ಡ ಸಭಾಂಗಣ, ಅಂದವಾಗಿ ಉಟ್ಟು ತೊಟ್ಟ ಜನ, ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಹೋಗಿ ಪ್ರಶಸ್ತಿ ಇಸಿದುಕೊಳ್ಳುವವರು. ಅವರಲ್ಲಿ ನಮ್ಮ ಡೈರೆಕ್ಟರೂ ಇದ್ದ. ನಮ್ಮೂರ ಧೂಳಿನಲ್ಲಿ ಲುಂಗಿಯಲ್ಲಿ ಓಡಾಡಿದವನು ಈಗ ಕೋಟು ಹಾಕಿದ್ದ. ಕೈ ಕುಲುಕಿದ, ಬಗ್ಗಿದ, ಇಳಿದು ಹೋದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು.

ಪಕ್ಕಕ್ಕೆ ತಿರುಗಿದರೆ ಅತ್ತೆ ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದಳು. ಮುಂದೆ ತನ್ನನ್ನೇ ತೋರಿಸುತ್ತಾರೆಂದು ತಿಳಿದಿದ್ದಳು. ಪರದೆಯ ಮೇಲೆ ಕ್ರಿಕೆಟ್ ಬಂತು. “ಮುಗೀತ ಅತ್ತಿ” ಎಂದು ನಾನು ಹೇಳಿದ ಮೇಲೆಯೂ ಅವಳು ಸೆರಗು ಸರಿಸಲಿಲ್ಲ.

ಅಂದೇ ಥಿಯೇಟರಿನ ಮ್ಯಾನೇಜರನ್ನು ಕೇಳಿದೆ, ಆ ಚಿತ್ರ ಇಲ್ಲಿಗೆ ಬರುತ್ತದೆಯೇ ಎಂದು. “ಅವಾರ್ಡ್ ಪಿಕ್ಚರ್ ಹಾಕಿದ್ರ ಖುರ್ಚಿ ಒಳಗಿನ ತಗಣಿನೂ ಎದ್ದು ಹೋಗತಾವರಿ, ಬಾಯಾರ” ಎಂದು ನಕ್ಕ. ಕಿತ್ತೂರಿಗೆ ಬರಲಿಲ್ಲ, ಸವದತ್ತಿಗೂ ಬರಲಿಲ್ಲ. ಬಂದದ್ದು ರಾಮದುರ್ಗಕ್ಕೇ. ದೊಡ್ಡ ಚಿತ್ರವೊಂದರ ರೀಲಿನ ಪೆಟ್ಟಿಗೆ ಬರುವುದು ತಡವಾಗಿ, ನಡುವೆ ಖಾಲಿ ಬಿದ್ದ ದಿನಗಳಿಗೆ ಇದನ್ನು ಹಾಕಿದ್ದರು. ಅತ್ತೆಗೆ ಹೇಳಿದೆ. ನೀನೂ ಬಾ ಎಂದೆ. ಅವಳು ಸೂಜಿ ನಿಲ್ಲಿಸಿ, “ನೀ ಹೋಗಿ ಬಾ” ಅಂದಳು.

ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಸೇರಿದೆ. ಮಧ್ಯಾಹ್ನದ ಆಟ. ಅಲ್ಲಲ್ಲಿ ಕೆಲವರು ಕೂತಿದ್ದರು, ಒಬ್ಬಾತ ಆಗಲೇ ನಿದ್ದೆ ಹೋಗಿದ್ದ. ಚಿತ್ರ ಅರ್ಧವಾದ ಮೇಲೆ ನಮ್ಮೂರ ವಾಡೆಯ ಅಂಗಳ ಬಂತು. ಅತ್ತೆಯ ಬಾಗಿದ ಬೆನ್ನು, ಪಾದದ ಮೇಲಿಟ್ಟ ಕೈ, ಒಂದೇ ಒಂದು ಕ್ಷಣ ಓರೆಯಾಗಿ ಅರ್ಧ ಮುಖ. ನಾನು ಆ ದನಿಗಾಗಿ ಕಾದೆ.

ಕೇಳಿಸಿದ್ದು ಬೇರೆ ಯಾರದೋ ದನಿ. ಎಳೆಯ ಹೆಂಗಸಿನದು, ಅಚ್ಚುಕಟ್ಟಾದದ್ದು, ಮಾತುಗಳಿಲ್ಲದ ಅಳು. ಆಗೆಲ್ಲ ದನಿಯನ್ನು ಆಮೇಲೆ ಮದರಾಸಿನ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಮಾತ್ರ ಯಾರೋ ಅತ್ತೆಯ ಬಾಯಿ ಮುಚ್ಚಿದ ಹಾಗೆ ಅನಿಸಿತು. ಚಿತ್ರದ ಉಳಿದ ಭಾಗ ನನಗೆ ನೆನಪೇ ಇಲ್ಲ.

ಹೊರಗೆ ಬಂದವಳು ದಾರಿ ಕೇಳುತ್ತ ಕೇಳುತ್ತ ಮಾವನ ಮನೆಗೆ ಹೋದೆ. ಒಳಗೆ ಮಗ್ಗ ನಡೆಯುತ್ತಿತ್ತು. ಅತ್ತೆಯನ್ನು ಕಲ್ಲು ಅಂದಿದ್ದ ಆ ಭಾವನ ಹೆಂಡತಿ ಈಗ ಹಲ್ಲಿಲ್ಲದ ಮುದುಕಿ. ನಾನು ಯಾರೆಂದು ತಿಳಿದ ಮೇಲೆ ಕೂಡಿಸಿ ಚಹ ಕೊಟ್ಟಳು.

“ನಿನ್ನೆ ಪಿಕ್ಚರಿಗೆ ಹೋಗಿದ್ವಿ ನಾವು. ಬ್ಯಾಸರಾಗಿ ಮುಗಿಯೂದ್ರೊಳಗ ಎದ್ದ ಬಂದ್ವಿ” ಅಂದಳು.

“ಹೆಣದ ಮುಂದ ಕುಂತು ಅಳೂದು ನೋಡಿದ್ರೇನ್ರಿ? ಆಕಿ ನಮ್ಮತ್ತಿ.”

“ಹೌದಾ? ಗುರ್ತ ಹತ್ತಲಿಲ್ಲಲ್ಲವ್ವಾ!” ಚಹದ ಬಟ್ಟಲು ನನ್ನತ್ತ ಸರಿಸಿ, “ಆರಾಮ ಅದಾಳೇನು?” ಎಂದಳು.

ಹಳೆಯದೊಂದೂ ಅವಳ ನೆನಪಿನಲ್ಲಿ ಇದ್ದಂತೆ ಕಾಣಲಿಲ್ಲ. ಆರಾಮ ಇದ್ದಾಳೆಂದು ಹೇಳಿ ಎದ್ದೆ.

ಮರಳಿ ಬಂದು ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ. ರಾಮದುರ್ಗದವರಿಗೆ ಅವಳ ಗುರುತೇ ಹತ್ತಲಿಲ್ಲವೆಂದೂ, ದನಿ ಬೇರೆಯವಳದೆಂದೂ ಹೇಳಿದೆ. ಸಮಾಧಾನವಾದೀತೆಂದು ಅವಳ ಮುಖವನ್ನೇ ನೋಡಿದೆ. ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

“ಆಕಿ ಚೊಲೋ ಅತ್ತಾಳೇನು?”

“ಇಲ್ಲತ್ತಿ. ಸುಮ್ನ ದನಿ ಮಾಡ್ಯಾಳ.”

“ಪಾಪ, ಆಕಿಗೇನು ಗೊತ್ತಿರತೈತಿ” ಅಂದಳು. ಆಮೇಲೆ, ನಾನು ಕೇಳದೆಯೇ, ಮಾವನ ಸುದ್ದಿ ತೆಗೆದಳು. ಅವನು ದಾರ ಹರಿದರೆ ಮಗ್ಗಕ್ಕೇ ಬೈಯುತ್ತಿದ್ದನಂತೆ. ಮೊದಲ ವರ್ಷ ಅವಳಿಗೆಂದೇ ಕಾಯಿಪಲ್ಲೆಯಂಥ ಹಸಿರು ಬಣ್ಣದ ಒಂದು ಸೀರೆ ನೇದಿದ್ದನಂತೆ. ಅದರ ಅಂಚು ಡೊಂಕಾಗಿತ್ತಂತೆ. ಹೇಳುತ್ತ ನಕ್ಕಳು. ಮಾವನ ಬಗ್ಗೆ ಅವಳು ನನಗೆ ಹೇಳಿದ ಮೊದಲ ಮಾತುಗಳು ಅವು.

ಮುಂದಿನ ಸೋಮವಾರ ಅವಳನ್ನು ಕಿತ್ತೂರಿನ ಬಸ್ಸಿಗೆ ಹತ್ತಿಸಿದೆ. ಮುಗಿಸಿದ ಕೌದಿಯನ್ನು ನನಗೇ ಬಿಟ್ಟು ಹೋದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕಚೇರಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಯಾರೋ ಯರಗಟ್ಟಿಯಿಂದ ಹತ್ತಿಯ ದರ ಕೇಳುತ್ತಿದ್ದರು. ಸಂಜೆ ಖೋಲಿಗೆ ಬಂದು ಒಲೆ ಹೊತ್ತಿಸಿ, ತಿಳಿಯದೆಯೇ ಇಬ್ಬರಿಗಾಗುವಷ್ಟು ಹಿಟ್ಟು ಕಲೆಸಿದೆ. ರೊಟ್ಟಿ ಮಿಕ್ಕವು. ಮರುದಿನ ಅವನ್ನೇ ಮುರಿದು ಮಜ್ಜಿಗೆಯಲ್ಲಿ ನೆನೆಸಿ ತಿಂದೆ.