ಬಾಯಿ ಬಿಡದ ಪ್ರೋಗ್ರಾಂ

ಎಂಬತ್ತರ ದಶಕದ ಕೊನೆ. ಜಯನಗರದ ನಮ್ಮ ಪುಟ್ಟ ಆಫೀಸಿನಲ್ಲಿ ನಾನು, ಸಹೋದ್ಯೋಗಿ ಸರೋಜಾ, ಎದುರಿಗೆ ಕಲ್ಯಾಣ ಮಂಟಪವೊಂದರ ಯಜಮಾನರು. ಅವರ ಬುಕಿಂಗ್ ಪ್ರೋಗ್ರಾಂ ಕೇಳುವ ಪ್ರಶ್ನೆಗಳಿಗೆ ನನ್ನ ಪ್ರೋಗ್ರಾಂ ತಾನೇ ಉತ್ತರ ಕೊಡಬೇಕು. ಕೊಟ್ಟರೆ ಕೆಲಸ ನಮ್ಮದು. ಎರಡೂ ಪ್ರೋಗ್ರಾಂಗಳನ್ನು ಒಟ್ಟಿಗೆ ಓಡಿಸಿದೆ. ಎರಡೂ ತೆಪ್ಪಗೆ ಕುಳಿತವು.

“ಏನ್ ಸಾರ್, ಹೆಣ್ಣು ನೋಡೋ ಶಾಸ್ತ್ರದಲ್ಲಿ ಕೂತಂಗಿದಾವೆ. ಒಂದೂ ಬಾಯಿ ಬಿಡ್ತಿಲ್ವಲ್ಲ,” ಎಂದರು ಯಜಮಾನರು.

ಸರೋಜಾ ನಕ್ಕಳು. “ನಿಮ್ಮ ಪ್ರೋಗ್ರಾಂ ಪ್ರಶ್ನೆ ಕೇಳಿದೆ ಸಾರ್. ಅದು ಬಫರ್‌ನಲ್ಲೇ, ಅಂದ್ರೆ ಆಚೆ ಕಳಿಸೋ ಮುಂಚೆ ಮಾತು ಕೂಡಿಡೋ ಜಾಗದಲ್ಲೇ, ನಿಂತಿದೆ. ಬಫರ್ ತುಂಬೋವರೆಗೂ ಆಚೆ ಬರಲ್ಲ.”

ಪ್ರಶ್ನೆಯನ್ನು ಕೂಡಲೇ ಹೊರಗೆ ಕಳಿಸು ಎಂಬ ಸಾಲೊಂದನ್ನು ಅವಳು ಯಜಮಾನರ ಪ್ರೋಗ್ರಾಂಗೆ ಸೇರಿಸಿದಳು. ಎರಡೂ ಮಾತಿಗೆ ತೊಡಗಿದವು.

ಕೆಲಸ ಸಿಕ್ಕಿತು. ಮಂಟಪದ ಕಂಪ್ಯೂಟರಿನಲ್ಲಿ ನಮ್ಮ ಪ್ರೋಗ್ರಾಂ ಹಾಕಿದ ದಿನ ಯಜಮಾನರು ಪೂಜೆ ಮಾಡಿಸಿ, ಆರತಿ ತಟ್ಟೆಯನ್ನು ಸರೋಜಾಳ ಕೈಗೆ ಕೊಟ್ಟರು. ನನ್ನನ್ನು ಚರುಪು ಹಂಚಲು ನಿಲ್ಲಿಸಿದರು.